ಎರಡು ಮೇಣದಬತ್ತಿಗಳ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಅಂದು ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಹಿರಿಯ ಪ್ರಾಥಮಿಕ ವಿಭಾಗವೊಂದರಲ್ಲೇ ಅರವತ್ತಕ್ಕೂ ಹೆಚ್ಚು ಮಾದರಿಗಳಿದ್ದವು. ಅವನ್ನೆಲ್ಲ ನೋಡಿ ಮುಗಿಸಲು ನಮಗೆ ಕೊಟ್ಟಿದ್ದ ಸಮಯ ಎರಡು ಗಂಟೆ. ಥರ್ಮೊಕೋಲ್‌ನ ಜ್ವಾಲಾಮುಖಿ, ಮಳೆನೀರು ಕೊಯ್ಲು, ಗಾಳಿಯಂತ್ರ, ಮೂತ್ರಪಿಂಡ, ಸೌರವ್ಯೂಹ ಎಲ್ಲವೂ ಸಾಲಾಗಿ ನಿಂತಿದ್ದವು. ಹಲವು ಮಾದರಿಗಳ ಮೇಲೆ ಅಂಗಡಿಯ ಬೆಲೆಚೀಟಿಯನ್ನು ಕಿತ್ತ ಗುರುತು ಇತ್ತು. ಪ್ರತಿ ಮೇಜಿನ ಹಿಂದೆ ಇಬ್ಬರು ಮಕ್ಕಳು. ನಾವು ಎದುರು ಬಂದ ಕೂಡಲೇ ಒಬ್ಬರು ಕಲಿತು ತಂದಿದ್ದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು.

ಒಂದು ಮೇಜಿನ ಮೇಲೆ ಕೊಂಡು ತಂದದ್ದು ಏನೂ ಇರಲಿಲ್ಲ. ಊಟದ ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಮೇಣದಬತ್ತಿ, ಪಕ್ಕದಲ್ಲಿ ಗಾಜಿನ ಲೋಟ. ಹುಡುಗ ಬತ್ತಿ ಹಚ್ಚಿ ಲೋಟ ಕವುಚಿದ. ಜ್ವಾಲೆ ಕುಗ್ಗಿ ಆರಿತು, ನೀರು ಲೋಟದೊಳಗೆ ಏರಿತು. "ಉರಿಯುವಾಗ ಆಕ್ಸಿಜನ್ ಖರ್ಚಾಯಿತು. ಖಾಲಿಯಾದ ಜಾಗಕ್ಕೆ ನೀರು ಬಂತು. ನೀರು ಲೋಟದ ಐದನೇ ಒಂದು ಭಾಗ ಏರಿದೆ. ಆದ್ದರಿಂದ ಗಾಳಿಯಲ್ಲಿ ಐದನೇ ಒಂದು ಭಾಗ ಆಕ್ಸಿಜನ್ ಇದೆಯೆಂದು ಸಿದ್ಧವಾಯಿತು" ಎಂದು ಹೇಳಿ ಮುಗಿಸಿದ. ನಾನು ತಲೆಯಾಡಿಸಿ ಅಂಕ ಬರೆಯತೊಡಗಿದೆ. ಆಗ ಪಕ್ಕದಲ್ಲಿದ್ದ, ಆರನೇ ತರಗತಿಯವಳಿರಬಹುದಾದ ಹುಡುಗಿ ಮೆಲ್ಲಗೆ ಹೇಳಿದಳು: "ಸಾರ್, ಎರಡು ಬತ್ತಿ ಹಚ್ಚಿದ್ರೆ ನೀರು ಇನ್ನೂ ಮೇಲಕ್ಕೆ ಬರುತ್ತೆ. ನಿನ್ನೆ ಮಾಡಿ ನೋಡಿದ್ವಿ." ಹಿಂದೆ ನಿಂತಿದ್ದ ಅವಳ ಮೇಷ್ಟ್ರು, "ಅದೆಲ್ಲ ಈಗ ಬೇಡಮ್ಮ, ಸಾರ್‌ಗೆ ಟೈಮಿಲ್ಲ" ಎಂದರು. ನನಗೆ ನಿಜವಾಗಿಯೂ ಸಮಯವಿರಲಿಲ್ಲ. ಮುಂದಿನ ಮೇಜಿಗೆ ಹೋದೆ.

ಆ ಮಾತು ಮತ್ತೆ ನೆನಪಿಗೆ ಬಂದದ್ದು ಸಂಜೆ, ಬಸ್ಸಿನಲ್ಲಿ. ಲೋಟ ಅದೇ, ಅದರೊಳಗಿನ ಗಾಳಿ ಅಷ್ಟೇ, ಆ ಗಾಳಿಯಲ್ಲಿರುವ ಆಕ್ಸಿಜನ್ನೂ ಅಷ್ಟೇ. ಬತ್ತಿ ಒಂದಿರಲಿ ಎರಡಿರಲಿ, ಖರ್ಚಾಗಲು ಇರುವುದು ಅಷ್ಟೇ ಆಕ್ಸಿಜನ್. ಹುಡುಗ ಒಪ್ಪಿಸಿದ ವಿವರಣೆ ಸರಿಯಾಗಿದ್ದರೆ ಎರಡು ಬತ್ತಿಗೂ ನೀರು ಅಷ್ಟೇ ಏರಬೇಕು. ಹೆಚ್ಚು ಏರಿದರೆ ವಿವರಣೆ ತಪ್ಪು. ಆ ಹುಡುಗಿಗೆ ಅದು ಗೊತ್ತಿತ್ತೋ ಇಲ್ಲವೋ, ಅಂದು ಆ ಸಭಾಂಗಣದಲ್ಲಿ ನಡೆದ ವಿಜ್ಞಾನದ ಕೆಲಸ ಬಹುಶಃ ಅದೊಂದೇ. ಅದಕ್ಕೆ ನಾವು ಒಂದು ಅಂಕವನ್ನೂ ಕೊಡಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ, ಮಕ್ಕಳನ್ನು ವಿಜ್ಞಾನದತ್ತ ಸೆಳೆಯುವ ನಮ್ಮ ಕ್ರಮದ ಬಗ್ಗೆ ನನಗಿರುವ ತಕರಾರನ್ನು ಈ ಲೋಟದಿಂದಲೇ ಆರಂಭಿಸುತ್ತೇನೆ.

ಲೋಟದೊಳಗೆ ನಡೆಯುವುದೇನು?

ಈ ಪ್ರಯೋಗವನ್ನು ಬಲ್ಲವರು ಒಮ್ಮೆ ಮತ್ತೆ ಮಾಡಿ ನೋಡಬೇಕು, ಈ ಸಲ ಗಡಿಯಾರ ಹಿಡಿದುಕೊಂಡು. ಆಕ್ಸಿಜನ್ ಖರ್ಚಾಗುವುದರಿಂದ ನೀರು ಏರುವುದಾದರೆ, ಬತ್ತಿ ಉರಿಯುತ್ತಿರುವಷ್ಟು ಹೊತ್ತೂ ಅದು ನಿಧಾನವಾಗಿ ಏರುತ್ತಿರಬೇಕು. ಬತ್ತಿ ಆರಿದ ಮೇಲೆ ನಿಲ್ಲಬೇಕು. ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಉರಿಯುವಾಗ ನೀರು ಹೆಚ್ಚು ಕದಲುವುದಿಲ್ಲ. ಎಷ್ಟೋ ಸಲ ಆರಂಭದಲ್ಲಿ ಲೋಟದ ಅಂಚಿನಿಂದ ಗುಳ್ಳೆಗಳು ಹೊರಬರುತ್ತವೆ. ಜ್ವಾಲೆ ಆರುತ್ತಲೂ, ಆರಿದ ಮೇಲೂ ನೀರು ಸರ್ರನೆ ಮೇಲೇರುತ್ತದೆ.

ಕಾರಣ ಬಿಸಿ. ಲೋಟವನ್ನು ಜ್ವಾಲೆಯ ಮೇಲೆ ಕವುಚುವಾಗ ಅದರೊಳಗೆ ಸೇರುವುದೇ ಕಾದ, ಹಿಗ್ಗಿದ ಗಾಳಿ. ಒಳಗೆ ಉರಿಯುತ್ತಿರುವಾಗ ಅದು ಇನ್ನಷ್ಟು ಹಿಗ್ಗಿ ಸ್ವಲ್ಪ ಗಾಳಿ ಗುಳ್ಳೆಗಳಾಗಿ ಹೊರಹೋಗುತ್ತದೆ. ಜ್ವಾಲೆ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ವಾಯುಮಂಡಲದ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಲೆಕ್ಕವೂ ಕಷ್ಟದ್ದಲ್ಲ. ಒಳಗಿನ ಗಾಳಿಯ ಸರಾಸರಿ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಇತ್ತೆಂದು, ಅದು ಕೋಣೆಯ ಉಷ್ಣತೆಯಾದ 27 ಡಿಗ್ರಿಗೆ ಇಳಿಯಿತೆಂದು ಇಟ್ಟುಕೊಳ್ಳಿ. ಕೆಲ್ವಿನ್ ಮಾನದಲ್ಲಿ ಇದು 373ರಿಂದ 300ಕ್ಕೆ ಇಳಿದಂತೆ. ಒತ್ತಡ ಹೆಚ್ಚು ಕಡಿಮೆ ಒಂದೇ ಇರುವುದರಿಂದ ಗಾತ್ರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. 373ಕ್ಕೆ 73, ಅಂದರೆ ನೂರಕ್ಕೆ ಸುಮಾರು 20. ನಮ್ಮ 'ಐದನೇ ಒಂದು ಭಾಗ' ಹೀಗೂ ಬರುತ್ತದೆ! ಉಷ್ಣತೆ ಬೇರೆಯಾಗಿದ್ದರೆ ಉತ್ತರವೂ ಬೇರೆ. ಬತ್ತಿ ದಪ್ಪವೋ ಸಣ್ಣದೋ, ಲೋಟವನ್ನು ಬೇಗ ಕವುಚಿದರೋ ನಿಧಾನವಾಗಿಯೋ ಎಂಬುದರ ಮೇಲೆ ನೀರಿನ ಏರಿಕೆ ಬದಲಾಗುವುದು ಇದಕ್ಕಾಗಿಯೇ. ಎರಡು ಬತ್ತಿ ಹಚ್ಚಿದರೆ ಗಾಳಿ ಹೆಚ್ಚು ಕಾಯುತ್ತದೆ, ಆಮೇಲೆ ಹೆಚ್ಚು ಕುಗ್ಗುತ್ತದೆ. ಹುಡುಗಿ ಕಂಡದ್ದು ಇದನ್ನೇ.

ಹಾಗಾದರೆ ಆಕ್ಸಿಜನ್ ಖರ್ಚಾಗುವುದಿಲ್ಲವೇ? ಆಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಕ್ಸಿಜನ್ ಸುಮಾರು 16ಕ್ಕೆ ಇಳಿಯುವಷ್ಟರಲ್ಲೇ ಮೇಣದಬತ್ತಿ ಆರುತ್ತದೆ. ಖರ್ಚಾದ 5 ಭಾಗದ ಜಾಗವೂ ಖಾಲಿ ಬೀಳುವುದಿಲ್ಲ, ಏಕೆಂದರೆ ಉರಿದಾಗ ಬೇರೆ ಅನಿಲ ಹುಟ್ಟುತ್ತದೆ. ಮೇಣದ ಒಂದು ಅಣುವಿನಲ್ಲಿ 25 ಕಾರ್ಬನ್ ಮತ್ತು 52 ಹೈಡ್ರೊಜನ್ ಪರಮಾಣುಗಳಿವೆ ಎಂದುಕೊಂಡರೆ, ಅದು ಪೂರ್ತಿ ಉರಿಯಲು ಆಕ್ಸಿಜನ್ನಿನ 38 ಅಣುಗಳು ಬೇಕು. ಹುಟ್ಟುವುದು ಕಾರ್ಬನ್ ಡೈಆಕ್ಸೈಡ್‌ನ 25 ಮತ್ತು ನೀರಿನ 26 ಅಣುಗಳು. ಬಿಸಿಯಿರುವಾಗ ನೀರು ಆವಿಯಾಗಿರುವುದರಿಂದ 38ರ ಜಾಗದಲ್ಲಿ 51 ಅಣುಗಳಿದ್ದಂತಾಯಿತು. ಗಾತ್ರ ಹೆಚ್ಚಬೇಕೇ ವಿನಾ ಕುಗ್ಗುವಂತಿಲ್ಲ. ತಣಿದು ಆವಿಯ ಬಹುಭಾಗ ನೀರಾದ ಮೇಲೂ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ. ಅದು ನೀರಿನಲ್ಲಿ ಕರಗುತ್ತದೆ ನಿಜ, ಆದರೆ ಕ್ಷಣಾರ್ಧದಲ್ಲಿ ಅಲ್ಲ. ಹೀಗೆ 5 ಭಾಗ ಆಕ್ಸಿಜನ್ ಹೋಗಿ 3.3 ಭಾಗ ಕಾರ್ಬನ್ ಡೈಆಕ್ಸೈಡ್ ಬಂದರೆ, ನಿವ್ವಳ ಕಡಿತ ನೂರಕ್ಕೆ 2ರಷ್ಟೂ ಆಗದು. ಐದನೇ ಒಂದು ಭಾಗದ ಕಥೆ ಇಲ್ಲಿಗೆ ಮುಗಿಯಿತು.

ತಪ್ಪು ಬಾಳಿದ್ದು ಹೇಗೆ?

ಈ ತಪ್ಪು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ಬಿರ್ಕ್ ಮತ್ತು ಲಾಸನ್ ಎಂಬ ಅಧ್ಯಾಪಕರು ಇದು ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದರ ಬಗ್ಗೆಯೇ 1999ರಲ್ಲಿ ರಸಾಯನಶಾಸ್ತ್ರ ಬೋಧನೆಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಹಾಗಾದರೆ ಅದು ಬಾಳಲು ಕಾರಣವೇನು? ನನ್ನ ಅನುಭವವನ್ನೇ ಹೇಳುತ್ತೇನೆ. ವಸ್ತುಪ್ರದರ್ಶನದಿಂದ ಮರಳಿದ ವಾರ ನಾನು ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಇದೇ ಪ್ರಯೋಗವನ್ನು ಮಾಡಿ ಕಾರಣ ಕೇಳಿದೆ. ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ ಆರನೇ ತರಗತಿಯ ಆ ಹುಡುಗ ಹೇಳಿದ್ದನ್ನೇ ಹೇಳಿದರು. ಅವರಿಗೆ ಅನಿಲ ನಿಯಮಗಳು ಗೊತ್ತು, ಅವುಗಳ ಲೆಕ್ಕ ಬಿಡಿಸಿ ಪೂರ್ತಿ ಅಂಕ ಪಡೆದವರೂ ಇದ್ದಾರೆ. ಆದರೆ ಆ ನಿಯಮಕ್ಕೂ ಈ ಲೋಟಕ್ಕೂ ಸಂಬಂಧವಿದೆಯೆಂದು ಅವರಿಗೆ ಹೊಳೆಯಲಿಲ್ಲ. ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಾನೂ ಶಾಲೆಯಲ್ಲಿ ಇದನ್ನು ಹೀಗೆಯೇ ಬರೆದು ಅಂಕ ಪಡೆದವನು. ಡಾಕ್ಟರೇಟ್ ಪಡೆದು, ಅನೇಕ ವರ್ಷ ಪಾಠ ಹೇಳಿದ ಮೇಲೂ ಒಂದು ಮಗು ಹೇಳುವವರೆಗೆ ಸಂಶಯ ಪಡಲಿಲ್ಲ.

ಕಾರಣ ಇದು: ನಮ್ಮ ಶಾಲೆಗಳಲ್ಲಿ ಪ್ರಯೋಗ ಎಂದರೆ ಮೊದಲೇ ಗೊತ್ತಿರುವ ಉತ್ತರಕ್ಕೆ ಮಾಡುವ ಪೂಜೆ. ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ನಾಲ್ಕು ಶೀರ್ಷಿಕೆಗಳ ಕೆಳಗೆ ಬರೆಯಬೇಕಾದ್ದೆಲ್ಲ ಪ್ರಯೋಗ ಮಾಡುವ ಮೊದಲೇ ಟಿಪ್ಪಣಿ ಪುಸ್ತಕದಲ್ಲಿ ಇರುತ್ತದೆ. ಕಣ್ಣು ನೋಡುವುದು ಪುಸ್ತಕ ಹೇಳಿದ್ದನ್ನು. ನೀರು ಐದನೇ ಒಂದಕ್ಕಿಂತ ಹೆಚ್ಚು ಏರಿದರೆ ಅದು ನಮ್ಮ ಕೈತಪ್ಪು. ಕಡಿಮೆ ಏರಿದರೆ ಲೋಟದ ದೋಷ. ಹೀಗೆ ಪ್ರತಿ ಸಲವೂ ಪುಸ್ತಕವೇ ಗೆಲ್ಲುತ್ತದೆ. ಮಗುವಿಗೆ ಇದರಿಂದ ಆಕ್ಸಿಜನ್ನಿನ ಬಗ್ಗೆ ಒಂದು ತಪ್ಪು ಮಾಹಿತಿ ಸಿಗುತ್ತದೆ ಎನ್ನುವುದು ಸಣ್ಣ ನಷ್ಟ. ಅದನ್ನು ಮುಂದೆ ತಿದ್ದಬಹುದು. ತನ್ನ ಕಣ್ಣಿಗೆ ಕಂಡದ್ದಕ್ಕೆ ಬೆಲೆಯಿಲ್ಲ ಎಂಬ ಪಾಠವನ್ನು ತಿದ್ದುವುದು ಕಷ್ಟ.

ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ತಿಳಿಯಲು ನಿಜವಾಗಿ ಪಟ್ಟ ಶ್ರಮವನ್ನು ನೆನೆದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಯಲ್ಲಿ ಪಾದರಸವನ್ನು 12 ದಿನ ಕಾಯಿಸಿದ. 50 ಘನ ಅಂಗುಲ ಗಾಳಿ 42ರಿಂದ 43 ಘನ ಅಂಗುಲಕ್ಕೆ ಇಳಿಯಿತು. ಇದು ಐದನೇ ಒಂದೂ ಅಲ್ಲ, ಸುಮಾರು ಆರನೇ ಒಂದು ಭಾಗ. ಕಂಡದ್ದನ್ನು ಕಂಡಂತೆಯೇ ಬರೆದ. ಅಷ್ಟಕ್ಕೆ ಬಿಡದೆ, ಪಾದರಸದ ಮೇಲೆ ಕೂತ ಕೆಂಪು ಪುಡಿಯನ್ನು ಬೇರೆಯಾಗಿ ಕಾಯಿಸಿ 7ರಿಂದ 8 ಘನ ಅಂಗುಲ ಅನಿಲವನ್ನು ಮರಳಿ ಪಡೆದ. ಅದನ್ನು ಉಳಿದಿದ್ದ ಗಾಳಿಗೆ ಕೂಡಿಸಿ, ಮೊದಲಿನಂಥ ಸಾಧಾರಣ ಗಾಳಿಯೇ ಆಯಿತೆಂದು ತಾಳೆ ನೋಡಿದ. ನಮ್ಮ ಲೋಟದ ಪ್ರಯೋಗದಲ್ಲಿ ಹನ್ನೆರಡು ಸೆಕೆಂಡಿನಲ್ಲಿ ಸಿಗುವ ಉತ್ತರಕ್ಕೆ ಆತ ಹನ್ನೆರಡು ದಿನ ತೆಗೆದುಕೊಂಡ. ಈ ವ್ಯತ್ಯಾಸವೇ ನಮ್ಮಲ್ಲಿ ಸಂಶಯ ಹುಟ್ಟಿಸಬೇಕಿತ್ತು.

ರಾಮನ್ ಭಾವಚಿತ್ರ, ರಾಮನ್ ಕೆಲಸ

ಅಂದಿನ ಸಭಾಂಗಣದ ವೇದಿಕೆಯ ಮೇಲೆ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕಿತ್ತು. ಒಬ್ಬ ಪುಟ್ಟ ಹುಡುಗ ಪೇಟ ಸುತ್ತಿ ರಾಮನ್ ವೇಷದಲ್ಲಿ ಬಂದಿದ್ದ. ಭಾಷಣ ಮಾಡಿದವರೆಲ್ಲ "ನಿಮ್ಮಲ್ಲೂ ಒಬ್ಬ ರಾಮನ್ ಹುಟ್ಟಿಬರಲಿ" ಎಂದು ಹಾರೈಸಿದರು. ನಾನೂ ಅದನ್ನೇ ಹೇಳಿದೆ. 1928ರ ಫೆಬ್ರವರಿ 28ರ ನೆನಪಿಗಾಗಿ 1987ರಿಂದ ನಾವು ಈ ದಿನವನ್ನು ಆಚರಿಸುತ್ತಿದ್ದೇವೆ. ಆದರೆ ಆ ದಿನದ ಹಿಂದಿರುವ ಕಥೆ ಆರಂಭವಾಗುವುದು 1921ರಲ್ಲಿ, ಹಡಗಿನ ಮೇಲೆ. ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಎಂಬ ಹಡಗಿನಲ್ಲಿ ಮರಳುತ್ತಿದ್ದ ರಾಮನ್ ಸಮುದ್ರದ ನೀಲಿಯನ್ನು ನೋಡಿದರು. ಆಳಸಮುದ್ರದ ನೀಲಿ ಎಂದರೆ ಪ್ರತಿಫಲಿಸಿದ ಆಕಾಶದ ನೀಲಿಯೇ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರ‍್ಯಾಲೆ ನೊಬೆಲ್ ಪುರಸ್ಕೃತರು, ಆಕಾಶದ ನೀಲಿಗೆ ಕಾರಣ ವಿವರಿಸಿದವರು. ಅಂಥವರ ಮಾತನ್ನು ಒಪ್ಪಿ ಸುಮ್ಮನಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ರಾಮನ್ ತಮ್ಮ ಬಳಿಯಿದ್ದ ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ತಕ್ಕ ಕೋನದಲ್ಲಿ ಅದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆಯುತ್ತದೆ. ಪ್ರತಿಫಲನ ಹೋದ ಮೇಲೂ ನೀಲಿ ಉಳಿಯಿತು. ಹಾಗಾದರೆ ಆ ನೀಲಿ ನೀರಿನದೇ, ನೀರಿನ ಅಣುಗಳು ಚದರಿಸಿದ ಬೆಳಕಿನದು. ಈ ದಾರಿಯಲ್ಲಿ ಮುಂದುವರಿದ ಕೆಲಸವೇ ಏಳು ವರ್ಷಗಳ ನಂತರ ರಾಮನ್ ಪರಿಣಾಮಕ್ಕೆ, 1930ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಒಯ್ದಿತು.

ಪುಸ್ತಕ ಒಂದು ಹೇಳುತ್ತದೆ, ಕಣ್ಣಿಗೆ ಇನ್ನೊಂದು ಕಾಣುತ್ತದೆ, ಮಾಡಿ ನೋಡೋಣ. ರಾಮನ್ ಹಡಗಿನ ಮೇಲೆ ಮಾಡಿದ್ದು ಇದನ್ನು. ಎರಡನೆಯ ಬತ್ತಿ ಹಚ್ಚಿದ ಹುಡುಗಿಯೂ ತನ್ನ ಅಳತೆಯಲ್ಲಿ ಇದನ್ನೇ ಮಾಡಿದ್ದಳು. ಅಂದು ರಾಮನ್ ವೇಷಕ್ಕೆ ಬಹುಮಾನ ಬಂತು. ರಾಮನ್ ಮಾಡಿದಂಥ ಕೆಲಸಕ್ಕೆ "ಈಗ ಬೇಡಮ್ಮ" ಎಂಬ ಉತ್ತರ ಬಂತು.

ಮಕ್ಕಳಲ್ಲಿ ವಿಜ್ಞಾನಿಯಾಗುವ ಆಸೆ ಹುಟ್ಟಿಸುವುದನ್ನು ಪ್ರಾಥಮಿಕ ಹಂತದಲ್ಲೇ ಆರಂಭಿಸಬೇಕು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಎಂಟನೇ ತರಗತಿಯಲ್ಲೇ ವಿಜ್ಞಾನದ ಉದ್ಯೋಗವನ್ನು ಬಯಸಿದ್ದವರು ಮುಂದೆ ಭೌತವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆಯುವ ಸಾಧ್ಯತೆ ಉಳಿದವರಿಗಿಂತ 3.4 ಪಟ್ಟು ಹೆಚ್ಚಿತ್ತು. ಆದ್ದರಿಂದ ಎಳೆಯ ವಯಸ್ಸಿನ ಒಲವು ಮುಖ್ಯ. ಪ್ರಶ್ನೆ ಇರುವುದು ಆ ಒಲವು ಹುಟ್ಟುವುದು ಹೇಗೆಂಬುದರಲ್ಲಿ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 2009ರಲ್ಲಿ ಆರಂಭವಾದ 'ಆಸ್ಪೈರ್ಸ್' ಎಂಬ ಅಧ್ಯಯನ 10ರಿಂದ 14 ವರ್ಷದ ಮಕ್ಕಳನ್ನು ವಿಚಾರಿಸಿತು. ಹೆಚ್ಚಿನ ಮಕ್ಕಳಿಗೆ ವಿಜ್ಞಾನದ ಪಾಠ ಇಷ್ಟ, ವಿಜ್ಞಾನಿಗಳ ಬಗ್ಗೆ ಗೌರವವೂ ಇದೆ. ಆದರೆ ತಾನು ವಿಜ್ಞಾನಿಯಾಗಬೇಕು ಎಂದವರು ನೂರಕ್ಕೆ 15ರ ಆಸುಪಾಸು ಮಾತ್ರ. ವಿಜ್ಞಾನ ಒಳ್ಳೆಯದು, ಆದರೆ ಅದು ನಮ್ಮಂಥವರದ್ದಲ್ಲ ಎಂಬ ಭಾವನೆ ಅಡ್ಡ ನಿಂತಿತ್ತು. ಇದು ಬ್ರಿಟನ್ನಿನ ಮಕ್ಕಳ ಮಾತು. ಆದರೆ ನಮ್ಮ ಹಳ್ಳಿಯ ಮಗುವಿಗೆ ಈ ಭಾವನೆ ಅಪರಿಚಿತವೆಂದು ನನಗೆ ಅನ್ನಿಸುವುದಿಲ್ಲ.

ಇಂಥ ಮಗುವಿಗೆ ಹಾರ ಹಾಕಿದ ಭಾವಚಿತ್ರವನ್ನು ತೋರಿಸಿದರೆ ಗೌರವ ಹೆಚ್ಚೀತು, ದೂರ ಕಡಿಮೆಯಾಗದು. ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ 4,807 ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನಿಯ ಚಿತ್ರ ಬರೆಯಲು ಹೇಳಲಾಗಿತ್ತು. ಮಹಿಳಾ ವಿಜ್ಞಾನಿಯನ್ನು ಬರೆದವರು 28 ಮಕ್ಕಳು ಮಾತ್ರ, ಆ 28 ಮಂದಿಯೂ ಹುಡುಗಿಯರು. ತರಗತಿ ಮೇಲೇರಿದಂತೆ ಬಿಳಿ ಕೋಟು, ಕನ್ನಡಕ, ಗಡ್ಡಗಳ ಸಿದ್ಧ ಚಿತ್ರ ಗಟ್ಟಿಯಾಗುತ್ತಿತ್ತು. ಆಮೇಲಿನ ದಶಕಗಳಲ್ಲಿ ಅಮೆರಿಕದಲ್ಲಿ ಈ ಸ್ಥಿತಿ ಸುಧಾರಿಸಿದೆಯೆಂದು 2018ರ ಸಮೀಕ್ಷೆಯೊಂದು ತೋರಿಸಿದೆ. ಆದರೂ ಮಕ್ಕಳು ದೊಡ್ಡವರಾದಂತೆ ವಿಜ್ಞಾನಿ ಎಂದರೆ ಗಂಡಸು ಎಂದು ಬರೆಯುವುದು ಹೆಚ್ಚುತ್ತದೆಂಬುದೂ ಅದರಲ್ಲಿ ಕಂಡಿತು. ಮಕ್ಕಳು ಇದನ್ನು ಎಲ್ಲಿಂದಲೋ ಕಲಿಯುತ್ತಾರೆ. ಹುಡುಗ ಒಪ್ಪಿಸುವಾಗ ತಲೆಯಾಡಿಸಿ, ಹುಡುಗಿ ಕಂಡದ್ದನ್ನು ಹೇಳಿದಾಗ ಮುಂದಿನ ಮೇಜಿಗೆ ಹೋದ ತೀರ್ಪುಗಾರನಿಂದಲೂ ಕಲಿಯುತ್ತಾರೆ.

ಮೇಷ್ಟ್ರ ಕಷ್ಟ ಸುಳ್ಳಲ್ಲ

ಇಷ್ಟೆಲ್ಲ ಓದಿದ ಶಿಕ್ಷಕರು, "ಕಾಲೇಜಿನಲ್ಲಿ ಕುಳಿತು ಹೇಳುವುದು ಸುಲಭ" ಎನ್ನಬಹುದು. ಅದರಲ್ಲಿ ಸತ್ಯವಿದೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರಿದ್ದಾರೆ. ಪಿ.ಯು.ಸಿ.ಯಲ್ಲಿ ಕಲಾ ವಿಭಾಗ ಓದಿ ವಿಜ್ಞಾನ ಕಲಿಸಬೇಕಾಗಿ ಬಂದವರಿದ್ದಾರೆ. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆಯ ಕೆಲಸ ಬೇರೆ. ಪ್ರಯೋಗದ ಪೆಟ್ಟಿಗೆ ಒಡೆದರೆ ಉತ್ತರ ಹೇಳಬೇಕಾದೀತೆಂದು ಅದು ಬೀರುವಿನಲ್ಲಿ ಭದ್ರವಾಗಿರುತ್ತದೆ. ಪರೀಕ್ಷೆಯಲ್ಲಿ 'ಐದನೇ ಒಂದು ಭಾಗ' ಎಂದು ಬರೆದರೇ ಅಂಕ ಸಿಗುವುದಾದರೆ ಎರಡನೆಯ ಬತ್ತಿಯಿಂದ ಮಗುವಿಗೆ ನಷ್ಟವೇ ಅಲ್ಲವೇ? ಅಂದು "ಈಗ ಬೇಡಮ್ಮ" ಎಂದ ಮೇಷ್ಟ್ರು ತಮ್ಮ ಮಕ್ಕಳಿಗೆ ಅಂಕ ಸಿಗಲಿ ಎಂದೇ ಹಾಗೆ ಹೇಳಿದ್ದು. ಅದರ ಹಿಂದಿನ ದಿನ ಎರಡು ಬತ್ತಿ ಹಚ್ಚಲು ಬಿಟ್ಟವರೂ ಬಹುಶಃ ಅವರೇ. ತಪ್ಪು ಅವರದ್ದಕ್ಕಿಂತ ನಮ್ಮ ಅಂಕಪಟ್ಟಿಯದ್ದು. ಅದರಲ್ಲಿ ಮಾದರಿಯ ಅಂದಕ್ಕೆ, ನಿರರ್ಗಳ ವಿವರಣೆಗೆ, ಸಮಾಜಕ್ಕೆ ಉಪಯೋಗಕ್ಕೆ ಅಂಕಗಳಿದ್ದವು. ಮಗು ಸ್ವತಃ ಕಂಡುಕೊಂಡದ್ದೇನು ಎಂಬುದಕ್ಕೆ ಕಾಲಂ ಇರಲಿಲ್ಲ.

ಇದು ಬದಲಾಗಲು ಸಾಧ್ಯವಿಲ್ಲವೆಂದಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ, ಇಂದಿನ ನರ್ಮದಾಪುರಂನಲ್ಲಿ, 1972ರಲ್ಲಿ 16 ಹಳ್ಳಿಶಾಲೆಗಳಲ್ಲಿ ಒಂದು ವಿಜ್ಞಾನ ಬೋಧನಾ ಕಾರ್ಯಕ್ರಮ ಆರಂಭವಾಯಿತು. ಆರರಿಂದ ಎಂಟನೇ ತರಗತಿಯ ಮಕ್ಕಳು ಗುಂಪಾಗಿ ಕುಳಿತು ತಾವೇ ಪ್ರಯೋಗ ಮಾಡುವುದು, ಕಂಡದ್ದನ್ನು ಬರೆಯುವುದು, ಚರ್ಚಿಸಿ ತೀರ್ಮಾನಕ್ಕೆ ಬರುವುದು ಅದರ ಕ್ರಮ. ಪುಸ್ತಕದಲ್ಲಿ ಸಿದ್ಧ ಉತ್ತರಗಳ ಬದಲು ಪ್ರಶ್ನೆಗಳಿದ್ದವು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು, ಪ್ರಯೋಗ ಮಾಡಿ ತೋರಿಸುವ ಭಾಗವೂ ಇತ್ತು. ಸರ್ಕಾರಿ ಶಾಲೆಯ ಸಾಮಾನ್ಯ ಶಿಕ್ಷಕರೇ ತರಬೇತಿ ಪಡೆದು ಇದನ್ನು ನಡೆಸಿದರು. ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಅವರ ಜೊತೆ ಕೂತು ಕೆಲಸ ಮಾಡಿದರು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದುವರಿಸಿತು. ನೂರಾರು ಶಾಲೆಗಳಿಗೆ ಹಬ್ಬಿ, 30 ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ನಿಂತದ್ದು ದುಃಖದ ಸಂಗತಿ. ಆದರೆ ಅಷ್ಟು ವರ್ಷ ನಡೆಯಿತು ಎನ್ನುವುದು, ಹಳ್ಳಿಶಾಲೆಯಲ್ಲಿ ಇದು ಆಗದ ಮಾತು ಎನ್ನುವವರಿಗೆ ಉತ್ತರ. ಪರೀಕ್ಷೆ ಬದಲಾದದ್ದರಿಂದಲೇ ಪಾಠ ಬದಲಾಗಲು ಸಾಧ್ಯವಾಯಿತು ಎಂಬುದನ್ನೂ ನಾವು ಗಮನಿಸಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮಾಡಿ ಕಲಿಯುವುದರ ಬಗ್ಗೆ ಒಳ್ಳೆಯ ಮಾತುಗಳಿವೆ. ಅವು ಅಂಕಪಟ್ಟಿಗೆ ಇಳಿಯುವವರೆಗೆ ಶಾಲೆಯ ಕೋಣೆಗೆ ಇಳಿಯಲಾರವು.

ನಾಳೆಯೇ ಮಾಡಬಹುದಾದದ್ದು

ದೊಡ್ಡ ಬದಲಾವಣೆಗೆ ಕಾಯದೆ, ಖರ್ಚಿಲ್ಲದೆ ಮಾಡಬಹುದಾದ ಕೆಲವನ್ನು ಹೇಳಿ ಮುಗಿಸುತ್ತೇನೆ.

ಮೇಣದಬತ್ತಿಯ ಪ್ರಯೋಗವನ್ನು ಕೈಬಿಡಬೇಕಿಲ್ಲ. ಅದರ ಉತ್ತರವನ್ನು ಕೈಬಿಟ್ಟರೆ ಸಾಕು. ಒಂದೇ ಅಳತೆಯ ಎರಡು ಲೋಟ, ಎರಡು ತಟ್ಟೆ ಇಡಿ. "ಯಾವುದರಲ್ಲಿ ನೀರು ಹೆಚ್ಚು ಏರುತ್ತದೆ? ಯಾವಾಗ ಏರುತ್ತದೆ, ಉರಿಯುವಾಗಲೋ ಆರಿದ ಮೇಲೋ?" ಎಂದು ಮೊದಲೇ ಕೇಳಿ, ಮಕ್ಕಳ ಊಹೆಗಳನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ಮಾಡಿ, ಅಳತೆಪಟ್ಟಿ ಹಿಡಿದು ಅಳೆಯಲಿ, ಮೂರು ಸಲ ಮಾಡಲಿ. ಚುರುಕಾದ ಮಗು ಒಂದು ಆಕ್ಷೇಪ ಎತ್ತಬಹುದು: "ಎರಡು ಬತ್ತಿ ಹೆಚ್ಚು ಜಾಗ ಹಿಡಿಯುತ್ತವೆ, ಅದಕ್ಕೇ ನೀರು ಎತ್ತರ ಕಾಣುತ್ತದೆ." ಆಗ ಎರಡೂ ತಟ್ಟೆಗಳಲ್ಲಿ ಎರಡೆರಡು ಬತ್ತಿ ನಿಲ್ಲಿಸಿ, ಒಂದರಲ್ಲಿ ಒಂದನ್ನು ಮಾತ್ರ, ಇನ್ನೊಂದರಲ್ಲಿ ಎರಡನ್ನೂ ಹಚ್ಚಿ. ಹೋಲಿಕೆ ನ್ಯಾಯವಾಗಿರಬೇಕು ಎಂಬ ಪಾಠ ಇದಕ್ಕಿಂತ ಚೆನ್ನಾಗಿ ಯಾವ ವ್ಯಾಖ್ಯೆಯಿಂದಲೂ ಬರಲಾರದು. ಬೆಂಕಿಯ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು. ಆರನೇ ತರಗತಿಗೆ ಕೆಲ್ವಿನ್ ಲೆಕ್ಕ ಬೇಡ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಕೂಡಲೇ ಮುಚ್ಚಳ ಬಿಗಿದರೆ ತಣಿಯುವಾಗ ಬಾಟಲಿ ತಾನೇ ಒಳಕ್ಕೆ ಕುಗ್ಗುತ್ತದೆ. ಅದನ್ನು ಕಂಡ ಮಕ್ಕಳಲ್ಲಿ ಯಾರಾದರೂ ಒಬ್ಬರು ಲೋಟಕ್ಕೂ ಬಾಟಲಿಗೂ ಗಂಟು ಹಾಕುತ್ತಾರೆ. ಆ ದಿನ ಹಾಕದಿದ್ದರೆ ಪ್ರಶ್ನೆಯನ್ನು ಹಾಗೆಯೇ ಬಿಡಿ. ಪ್ರಶ್ನೆ ಕೊಳೆಯುವ ವಸ್ತುವಲ್ಲ.

ಗಾಳಿಯಲ್ಲಿರುವ ಆಕ್ಸಿಜನ್ನಿನ ಪಾಲನ್ನು ತೋರಿಸಲೇಬೇಕೆಂದರೆ ಬೇರೆ ದಾರಿಯಿದೆ. ಪ್ರನಾಳದ ಒಳಗೋಡೆಯನ್ನು ಒದ್ದೆ ಮಾಡಿ, ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಪುಡಿಯನ್ನು ಉದುರಿಸಿ ಅಂಟಿಸಿ. ಎಣ್ಣೆಯ ಜಿಡ್ಡಿದ್ದರೆ ಮೊದಲೇ ಸೋಪಿನ ನೀರಿನಲ್ಲಿ ತೊಳೆಯಿರಿ. ಪ್ರನಾಳವನ್ನು ನೀರಿನ ಲೋಟದಲ್ಲಿ ಬೋರಲು ನಿಲ್ಲಿಸಿ ಎರಡು ಮೂರು ದಿನ ಬಿಡಿ. ಕಬ್ಬಿಣ ತುಕ್ಕು ಹಿಡಿಯುವಾಗ ಆಕ್ಸಿಜನ್ ಅದರಲ್ಲಿ ಸೇರಿಹೋಗುತ್ತದೆ. ಅದರ ಬದಲು ಬೇರೆ ಅನಿಲ ಹುಟ್ಟುವುದಿಲ್ಲ, ಬಿಸಿಯ ಗೊಂದಲವೂ ಇಲ್ಲ. ನೀರು ನಿಧಾನವಾಗಿ ಸುಮಾರು ಐದನೇ ಒಂದು ಭಾಗ ಏರಿ ನಿಲ್ಲುತ್ತದೆ. ಪ್ರತಿದಿನ ಒಂದೇ ಹೊತ್ತಿನಲ್ಲಿ ಅಳೆಯಲು ಹೇಳಿ. ಪಕ್ಕದಲ್ಲಿ ಕಬ್ಬಿಣವಿಲ್ಲದ ಒಂದು ಪ್ರನಾಳವನ್ನೂ ಇಡಲು ಮರೆಯಬೇಡಿ.

ವಸ್ತುಪ್ರದರ್ಶನ ನಡೆಸುವವರಲ್ಲಿ ಒಂದು ಕೋರಿಕೆ. ಮಾದರಿಗಳ ಸಂಖ್ಯೆ ಇಳಿಸಿ, ಪ್ರತಿ ಮೇಜಿಗೆ ಹತ್ತು ನಿಮಿಷ ಕೊಡಿ. ಅಂಗಡಿಯ ಮಾದರಿಗಳನ್ನು ಸ್ಪರ್ಧೆಯಿಂದ ಹೊರಗಿಡಿ. ಒಟ್ಟು ಅಂಕಗಳಲ್ಲಿ ಅರ್ಧವನ್ನು ಎರಡೇ ಪ್ರಶ್ನೆಗಳಿಗೆ ಮೀಸಲಿಡಿ: "ಇದರಲ್ಲಿ ನೀನು ಅಂದುಕೊಂಡಂತೆ ಆಗದೇ ಇದ್ದದ್ದು ಯಾವುದು? ಆಗ ಏನು ಮಾಡಿದೆ?" ಬಾಯಿಪಾಠ ಮಾಡಿ ಬಂದವರಿಗೆ ಇದಕ್ಕೆ ಉತ್ತರ ಸಿಗುವುದಿಲ್ಲ. ಮಾಡಿ ನೋಡಿದವರು ಹೇಳದೆ ಬಿಡುವುದಿಲ್ಲ.

ಶಿಕ್ಷಕ ಮಿತ್ರರಲ್ಲಿ ಇನ್ನೊಂದು ಮಾತು. "ನನಗೆ ಗೊತ್ತಿಲ್ಲ, ನೋಡೋಣ" ಎಂದು ಮಕ್ಕಳ ಮುಂದೆ ಹೇಳಲು ಹಿಂಜರಿಯಬೇಡಿ. ಮೇಷ್ಟ್ರಿಗೆ ಎಲ್ಲ ಗೊತ್ತಿದೆ ಎಂದುಕೊಂಡ ಮಗು ಕೇಳಿ ಬರೆದುಕೊಳ್ಳುತ್ತದೆ. ಮೇಷ್ಟ್ರಿಗೂ ಗೊತ್ತಿಲ್ಲದ್ದು ಇದೆ, ಅದನ್ನು ಮಾಡಿ ತಿಳಿಯಬಹುದು ಎಂದು ಕಂಡ ಮಗು ತಾನೂ ಕೈ ಹಾಕುತ್ತದೆ. ವಿಜ್ಞಾನಿಯಾಗುವ ಆಸೆ ಹುಟ್ಟುವುದಿದ್ದರೆ ಅಲ್ಲಿ ಹುಟ್ಟುತ್ತದೆ. ಮುಂದೆ ಅದು ವಿಜ್ಞಾನಿಯಾಗದಿದ್ದರೂ ಚಿಂತೆಯಿಲ್ಲ. ಕಂಡದ್ದನ್ನು ಕಂಡೆ ಎನ್ನುವ ರೈತ, ದಾದಿ, ಗುಮಾಸ್ತರೂ ಈ ನಾಡಿಗೆ ಬೇಕು.

ಆ ಹುಡುಗಿಯನ್ನು ಹುಡುಕಲು ನಾನು ಆಮೇಲೆ ಪ್ರಯತ್ನಿಸಿದೆ. ಸ್ಪರ್ಧೆಯ ಪಟ್ಟಿಯಲ್ಲಿ ಶಾಲೆಯ ಹೆಸರೂ ತಂಡದ ಮುಖ್ಯಸ್ಥನಾದ ಹುಡುಗನ ಹೆಸರೂ ಮಾತ್ರ ಇತ್ತು. ಶಾಲೆಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಈಗ ಅವಳು ಪಿ.ಯು.ಸಿ. ದಾಟಿರಬೇಕು, ವಿಜ್ಞಾನ ತೆಗೆದುಕೊಂಡಳೋ ಇಲ್ಲವೋ ತಿಳಿಯದು. ಎಂದಾದರೂ ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಅಂದು ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇನೆ: ನೀನು ನೋಡಿದ್ದು ಸರಿಯಮ್ಮ. ತಪ್ಪಿದ್ದು ನಾವು.